ಓಟಿಪಿ ಯಾರ ಮೊಬೈಲಿಗೆ ಬರುತ್ತದೆ?

ಮೊನ್ನೆ ಮಂಗಳವಾರ ತಂಗಿಯ ಮಗಳೊಡನೆ ಡೊಂಬಿವಲಿಯಿಂದ ಮುಂಬಯಿಯ ಅಂಧೇರಿಗೆ ಹೋಗಿದ್ದೆ. ಅಕೌಂಟ್ಸ್ ಅಸಿಸ್ಟೆಂಟ್ ಕೆಲಸದ ಸಂದರ್ಶನ. ಹೊಸಬರೂ ಅರ್ಜಿ ಹಾಕಬಹುದೆಂದು ಜಾಹೀರಾತಿನಲ್ಲೇ ಇತ್ತು. ಹತ್ತು ನಿಮಿಷದೊಳಗೆ ಅವಳು ಹೊರಗೆ ಬಂದಳು. ಎದೆಗವಚಿ ಹಿಡಿದಿದ್ದ ಪ್ಲಾಸ್ಟಿಕ್ ಫೈಲಿನ ಮೇಲೆ ಬೆವರಿದ ಬೆರಳುಗಳ ಗುರುತು ಮೂಡಿತ್ತು.

“ಸ್ವಂತವಾಗಿ ಎಷ್ಟು ಜಿಎಸ್‌ಟಿ ರಿಟರ್ನ್ ಫೈಲ್ ಮಾಡಿದ್ದೀರಿ ಅಂತ ಕೇಳಿದರು. ಒಂದೂ ಇಲ್ಲ ಅಂದೆ. ಫೈಲ್ ಮಾಡಲು ಬೇಕಾದ ಓಟಿಪಿ ಬರುವುದು ಅಂಗಡಿಯವರ ಮೊಬೈಲಿಗೆ ಅಲ್ಲವಾ ಮಾವ, ಕಾಲೇಜಿನಲ್ಲಿದ್ದ ನಾನು ಎಲ್ಲಿಂದ ಫೈಲ್ ಮಾಡಲಿ?”

ಆ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ. ಬಿ.ಕಾಂ. ಮುಗಿಸಿ, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಕಲಿತು, ಜಿಎಸ್‌ಟಿಆರ್-3ಬಿ ಎಂಬ ರಿಟರ್ನ್ ನಮೂನೆಯ ಕಲಮುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡವಳಿಗೆ ಪೋರ್ಟಲಿನ ಬಾಗಿಲು ಮಾತ್ರ ತೆರೆಯುವುದಿಲ್ಲ, ಏಕೆಂದರೆ ಅದರ ಕೀಲಿ ನೋಂದಾಯಿತ ವ್ಯಾಪಾರಿಯ ಕೈಯಲ್ಲಿರುತ್ತದೆ.

1984ರಲ್ಲಿ ನಾನು ಮುಂಬಯಿಯ ಫೋರ್ಟ್ ಪ್ರದೇಶದ ಕಚೇರಿಯೊಂದಕ್ಕೆ ಸೇರಿದಾಗ ಮೊದಲ ತಿಂಗಳೇ ಜಮೆಯ ಮೊತ್ತವೊಂದನ್ನು ಖರ್ಚಿನ ಕಡೆ ಬರೆದಿದ್ದೆ. ತಾಳೆಯಾಗದ ಲೆಕ್ಕದ ಮುಂದೆ ಹಿರಿಯ ಗುಮಾಸ್ತರು ಎರಡು ದಿನ ನನ್ನ ಪಕ್ಕದಲ್ಲೇ ಕೂತು, ಕೆಂಪು ಪೆನ್ಸಿಲಿನಿಂದ ಒಂದೊಂದೇ ವೋಚರಿಗೆ ಗುರುತು ಹಾಕಿಸಿದರು. ಆ ಎರಡು ದಿನಕ್ಕೂ ನನಗೆ ಸಂಬಳ ಬಂದಿತ್ತು. ಕಲಿಸುವುದು ಅಂದು ಕಚೇರಿಯ ಖರ್ಚಾಗಿತ್ತು. ಇಂದು ಅದು ತಂದೆತಾಯಿಯರ ಖರ್ಚಾಗಿದೆ, ಮತ್ತು ಇದು ಅನ್ಯಾಯ.

ಬಿಲ್ಲು ತಾಳೆ ನೋಡುವ ಕೆಲಸವೇ ಹೊಸಬರಿಗೆ ಕುರ್ಚಿ ಕೊಡುತ್ತಿತ್ತು. 2020ರಿಂದ ಖರೀದಿಯ ತೆರಿಗೆ ವಿವರವೆಲ್ಲ ಜಿಎಸ್‌ಟಿಆರ್-2ಬಿ ರೂಪದಲ್ಲಿ ಪ್ರತಿ ತಿಂಗಳು 14ಕ್ಕೆ ತಾನಾಗಿಯೇ ಸಿದ್ಧವಾಗುತ್ತದೆ, ಬ್ಯಾಂಕ್ ಸ್ಟೇಟ್‌ಮೆಂಟು ನೇರವಾಗಿ ಸಾಫ್ಟ್‌ವೇರಿಗೆ ಇಳಿಯುತ್ತದೆ. ಉಳಿದಿರುವುದು ವ್ಯತ್ಯಾಸ ಹಿಡಿಯುವ, ನೋಟಿಸಿಗೆ ಉತ್ತರಿಸುವ ಕೆಲಸ, ಅದಕ್ಕೆ ಪಳಗಿದ ಕೈಯೇ ಬೇಕು. ಕೈ ಪಳಗಿಸುತ್ತಿದ್ದ ಮೆಟ್ಟಿಲು ಮಾತ್ರ ಮಾಯವಾಗಿದೆ. 1961ರ ಅಪ್ರೆಂಟಿಸ್ ಕಾಯಿದೆಯಡಿ ಪದವೀಧರರ ಸ್ಟೈಪೆಂಡಿನಲ್ಲಿ ಸರ್ಕಾರವೂ ಪಾಲು ಕೊಡುತ್ತದೆ; ಆದರೂ ಅಂಧೇರಿಯ ಆ ಕಚೇರಿಯಲ್ಲಿ ಅಪ್ರೆಂಟಿಸರನ್ನು ತೆಗೆದುಕೊಳ್ಳುತ್ತೀರಾ ಎಂದು ವಿಚಾರಿಸಿದರೆ ಇಲ್ಲವೆಂದೇ ಉತ್ತರ ಬಂತು.

ಸಂದರ್ಶನ ಮಾಡಿದವರು ಕೆಟ್ಟವರಲ್ಲ, ಕೂರಿಸಿ ನೀರು ಕೊಟ್ಟರಂತೆ. ಆದರೆ ಅವರೂ ಯಾರದೋ ಲೆಡ್ಜರಿನಲ್ಲಿ ತಪ್ಪು ಬರೆದೇ ಕಲಿತಿರಬೇಕು, ಅದನ್ನು ಮರೆತಿದ್ದಾರೆ.

ಡೊಂಬಿವಲಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮೂರಿನ ಶೆಟ್ಟರಿಗೆ ನಿನ್ನೆ ವಿಷಯ ತಿಳಿಸಿದೆ. “ನಮ್ಮ ಲೆಕ್ಕದವರ ಹತ್ತಿರ ಬಂದು ಕೂರು ಮಗಾ, ಓಟಿಪಿ ನಾನು ಹೇಳುತ್ತೇನೆ” ಎಂದು ಅವಳಿಗೆ ಹೇಳಿದರು. ಬರುವ 20ನೇ ತಾರೀಖಿಗೆ ಅವಳ ಮೊದಲ ರಿಟರ್ನ್. ಸಂಬಳದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.