ಗರಸು ಗುಂಡಿಯ ಇಳಿಜಾರಿನಲ್ಲಿ ಹುಲ್ಲು ಹಿಡಿಯಿತು, ಗೆದ್ದಲಿನ ಪುಣ್ಯ!

ಉತ್ತರೆ ಮಳೆ ಜೋರಾಗಿ ಬಂದು ಹೋಯಿತು. ಮೇಲಿನ ಇಳಿಜಾರಿನ ಹುಲ್ಲು ಮಾತ್ರ ಕೊಚ್ಚಿಹೋಗಲಿಲ್ಲ! ಗರಸು ಮಣ್ಣು ಅಗೆದು ಬಿಟ್ಟ, ನಾನು ಮತ್ತೆ ಹಸಿರು ಮಾಡಲು ಹೊರಟಿರುವ ಚಳ್ಳಕೆರೆ ಕಡೆಯ ಈ ಹಳೇ ಗುಂಡಿಯಲ್ಲಿ ಇದೇ ದೊಡ್ಡ ಹಬ್ಬ. ಎ-ಫ್ರೇಮ್ (ಸಮ ಎತ್ತರದ ಜಾಗ ಗುರುತಿಸುವ A ಆಕಾರದ ಚೌಕಟ್ಟು) ಹಿಡಿದು ಗೆರೆ ಹಾಕಿದ್ದು, ಬದು, ಕಲ್ಲಿನ ತಡೆ ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ಸತಾಯಿಸಿದ್ದು ಆ ಬೋಳು ಇಳಿಜಾರು.

ಮಳೆ ಕಡಿಮೆ ಅನ್ನೋದು ಅಲ್ಲಿನ ಮುಖ್ಯ ತೊಂದರೆಯಲ್ಲ. ಬಿದ್ದ ಮಳೆ ಒಳಗೆ ಇಳಿಯುವುದಿಲ್ಲ. ಮೇಲ್ಮಣ್ಣು ಹೋದ ಕೆಂಪು ನೆಲಕ್ಕೆ ದಪ್ಪ ಹನಿ ಬಡಿದರೆ ಹೆಂಟೆ ಒಡೆದು, ನುಣುಪು ಜೇಡಿ ಸಂದುಗಳಿಗೆಲ್ಲ ಮೆತ್ತಿಕೊಳ್ಳುತ್ತದೆ. ಒಣಗಿದರೆ ಹಪ್ಪಳದ ಹಾಗೆ ಗಟ್ಟಿ. ಜೋರು ಮಳೆಯ ಮರುದಿನ ಅಲ್ಲಿ ಉಗುರಿನಿಂದ ಒಂದು ಚಕ್ಕೆ ಎಬ್ಬಿಸಿ ನೋಡಿದೆ. ಅಡಿಯಲ್ಲಿ ಒಣ ಪುಡಿ! ನೀರೆಲ್ಲ ಬೀಜವನ್ನೂ ಹೊತ್ತುಕೊಂಡು ಕೆಳಗೆ ಓಡಿತ್ತು.

ಸಂಡೂರಿನ ಗಣಿ ಮಣ್ಣಿನ ಗುಡ್ಡೆಗಳಿಗೆ ತೆಂಗಿನ ನಾರಿನ ಮ್ಯಾಟ್ ಹಾಸುತ್ತಾರಲ್ವಾ, ಅದನ್ನೂ ತರಿಸಿದೆ. ಚದರ ಮೀಟರಿಗೆ 700 ಗ್ರಾಮಿನದು ಕೇಳಿದರೆ ಅಂಗಡಿಯವರು ಕಳಿಸಿದ್ದು 400 ಗ್ರಾಮಿನದು. ಫೋನ್ ಮಾಡಿದರೆ "ಎರಡೂ ಒಂದೇ ಸರ್" ಅಂತಾರೆ. ಹೇಗೆ ಒಂದೇ ಆಗುತ್ತೆ? ಇಲ್ಲಿ ನೆಲವೂ ಉಬ್ಬು ತಗ್ಗು. ಮ್ಯಾಟ್ ನೆಲಕ್ಕೆ ಅಂಟದ ಕಡೆಯೆಲ್ಲ ನೀರು ಅಡಿಯಿಂದಲೇ ನುಗ್ಗಿ ಕೊರಕಲು ಮಾಡಿತು. ಅಲ್ಲಿಗೆ ಎರಚಲು ಅಂಗಡಿಯಿಂದ ತಂದ ಅಂಜನ್ ಅನ್ನೋ ಮೇವಿನ ಹುಲ್ಲಿನ ಬೀಜದ ಕಥೆ ಇನ್ನೊಂದು. ಅಂಗೈಯಲ್ಲಿ ಉಜ್ಜಿ ನೋಡಿದರೆ ಬರೀ ಹೊಟ್ಟು, ಕಾಳು ಸಿಗುವುದೇ ಅಪರೂಪ. ದಯವಿಟ್ಟು ಉಜ್ಜಿ ನೋಡಿಯೇ ದುಡ್ಡು ಕೊಡಿ.

ಕೊನೆಗೆ ದಾರಿ ತೋರಿಸಿದ್ದು ಬಳ್ಳಾರಿ ಜಾಲಿ. ಕಡಿದ ಕೊಂಬೆಗಳನ್ನು ಇಳಿಜಾರಿಗೆ ಅಡ್ಡಲಾಗಿ ಒತ್ತೊತ್ತಾಗಿ ಹಾಸಿ, ಮೇಲೆ ಕಲ್ಲು ಹೇರಿದೆ. ಕಾಯಿ ಇರುವ ಕೊಂಬೆ ಒಂದೂ ಬೇಡ, ಆಮೇಲೆ ಗುಂಡಿ ತುಂಬ ಜಾಲಿಯೇ. ಹನಿಯ ಹೊಡೆತ ತಪ್ಪಲಿ, ಮೇಕೆ ಬಾಯಿ ಹಾಕದಿರಲಿ ಅನ್ನೋದಷ್ಟೇ ಲೆಕ್ಕ. ಸ್ವಲ್ಪ ದಿನಕ್ಕೆ ಕೊಂಬೆಗೆ ಗೆದ್ದಲು ಹತ್ತಿತು. ಎತ್ತಿ ನೋಡಿದರೆ ಹಪ್ಪಳದಂಥ ಆ ಗಟ್ಟಿ ಪದರದಲ್ಲಿ ಪೆನ್ಸಿಲ್ ತೂರುವಷ್ಟು ತೂತುಗಳು, ಸುತ್ತ ಸಡಿಲವಾದ ಒದ್ದೆ ಮಣ್ಣು! ಹಾರೆಯಿಂದ ಗೀಚಿದ ಗೆರೆ ಒಂದೇ ಮಳೆಗೆ ಮುಚ್ಚಿಹೋಗುತ್ತಿತ್ತು. ಗೆದ್ದಲಿನ ತೂತು ಹಾಗೇ ಉಳಿದಿದೆ. ಕೊಂಬೆಯ ಅಡಿಯಲ್ಲಿ ತರಗೆಲೆ, ಮಣ್ಣು ಸೇರಿಕೊಂಡು ಹುಲ್ಲು ಸಾಲಾಗಿ ಎದ್ದಿದೆ. ಕೊಂಬೆ ಇಲ್ಲದ ಕಡೆ ಇನ್ನೂ ಬೋಳು.

ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದ ರೈತ ಯಾಕೂಬಾ ಸವಡೊಗೊ ಗಟ್ಟಿ ನೆಲದಲ್ಲಿ ಗುಳಿ ತೋಡಿ ಗೊಬ್ಬರ ತುಂಬುತ್ತಿದ್ದರು. ಅದಕ್ಕೂ ಗೆದ್ದಲು ಬಂದು ನೆಲ ಕೊರೆದು ನೀರು ಇಂಗಿಸುತ್ತಿತ್ತು. ಅವರಿಗೆ 2018ರಲ್ಲಿ 'ಪರ್ಯಾಯ ನೊಬೆಲ್' ಅನ್ನಿಸಿಕೊಂಡ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಗೆದ್ದಲು ಕಂಡ ಕೂಡಲೇ ಔಷಧಿ ಹೊಡೆಯುವವರು ಇಂಥ ನೆಲದಲ್ಲಾದರೂ ಸ್ವಲ್ಪ ಕೈ ತಡೆಯಿರಿ.

ಇಳಿಜಾರಿಗೆ ಮುಂದೆ ಹಾಕುವುದು ತಂಗಡಿ ಮತ್ತು ಬಂದರಿಕೆ ಪೊದೆಗಳನ್ನು, ಎರಡನ್ನೂ ಮೇಕೆ ಮುಟ್ಟುವುದಿಲ್ಲ. ಬೀಜದ ಸಿಪ್ಪೆ ಮಾತ್ರ ಭಾರಿ ಗಟ್ಟಿ, ಬಿಸಿ ನೀರಿನಲ್ಲಿ ನೆನೆಸದೆ ಸುಮ್ನೆ ಎರಚಿದರೆ ಜಾಸ್ತಿ ಮೊಳೆಯಲ್ಲ. ಈ ಸಲ ಅಂಗಡಿ ಬೀಜ ಬೇಡವೇ ಬೇಡ. ಪಕ್ಕದ ಗುಡ್ಡದಲ್ಲಿ ಬಂದರಿಕೆ ಕಾಯಿ ಬಲಿತ ತಕ್ಷಣ ಚೀಲ ಹಿಡಿದು ಹೊರಡುತ್ತೇನೆ. ಆ ಕಡೆ ಇರುವವರು ಜೊತೆಗೆ ಬನ್ನಿ, ಬೀಜ ಹಂಚಿಕೊಳ್ಳೋಣ.