ಕಂಚಿನವನಿಗೆ ಕಲ್ಲಿನ ಆಸರೆ

ಕದ್ರಿಯ ನಮ್ಮ ಮನೆಯ ಶೋಕೇಸಿನಲ್ಲಿ ಡಿಸ್ಕಸ್ ಎಸೆಯುವವನ ಗೇಣುದ್ದದ ಕಂಚಿನ ಮೂರ್ತಿ ಇದೆ. ರೋಮಿನ ಅಮೃತಶಿಲೆಯ ಪ್ರತಿಮೆಯ ನಕಲು. ಅವನ ಕಾಲಿಗೆ ತಾಗಿ ಒಂದು ಮರದ ಬೊಡ್ಡೆ. ಕಲ್ಲಿನ ಭಾರವನ್ನು ಕಾಲುಗಳಷ್ಟೇ ಹೊರಲಾರವು, ಅದಕ್ಕೆ ಆ ಆಸರೆ. ಆದರೆ ಗ್ರೀಸಿನ ಮೈರನ್ ಕ್ರಿ.ಪೂ. 5ನೇ ಶತಮಾನದಲ್ಲಿ ಇದನ್ನು ಮೊದಲು ಮಾಡಿದ್ದೇ ಕಂಚಿನಲ್ಲಿ! ಅದು ಉಳಿದಿಲ್ಲ. ಕಂಚಿಗೆ ಬೊಡ್ಡೆ ಬೇಕಿಲ್ಲ ಅಲ್ವಾ? ಆದರೂ ಎರಕದವರು ಅದನ್ನು ಬಿಟ್ಟಿಲ್ಲ. ನನಗೆ ಈ ಬೊಡ್ಡೆಯೇ ಜಾಸ್ತಿ ಇಷ್ಟ.

19ನೇ ಶತಮಾನದ ಪ್ಯಾರಿಸಿನಲ್ಲಿ ಅಕಿಲ್ ಕೊಲಾಸ್ ಪ್ರತಿಮೆಗಳನ್ನು ಅಳತೆ ತಪ್ಪದೆ ಕುಗ್ಗಿಸುವ ಯಂತ್ರ ಮಾಡಿದ. ಆಮೇಲೆ ಇಂಥ ಪುಟ್ಟ ಕಂಚುಗಳು ಮನೆಗಳಿಗೆ ಬಂದವು.

ಹಬ್ಬಕ್ಕೆ ಅಮ್ಮ ದೀಪಗಳ ಜೊತೆ ಇವನನ್ನೂ ಹುಣಸೆಹುಳಿ ಹಾಕಿ ತಿಕ್ಕಲು ಹೊರಟರೆ ನಾನು ಬಿಡುವುದಿಲ್ಲ. ಆ ಕಂದು ಬಣ್ಣ ಕೊಳೆಯಲ್ಲ, ಬೇಕೆಂದೇ ಕೊಟ್ಟದ್ದು. ಒಣ ಬಟ್ಟೆ ಸಾಕು.