“ಹಿಟ್ಲರ್ ಒಬ್ಬನೇ ಮಾಡಿದನೇ ಸಾರ್?”

ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಇತಿಹಾಸ ಪಾಠ ಮಾಡಿದೆ. ಹತ್ತನೆಯ ತರಗತಿಗೆ ಎರಡನೆಯ ಮಹಾಯುದ್ಧದ ಪಾಠ ಮುಗಿಸಿ ಸೀಮೆಸುಣ್ಣ ಕೆಳಗಿಡುವಾಗ ಪ್ರತಿ ವರ್ಷವೂ ಯಾರಾದರೂ ಒಬ್ಬರು ಎದ್ದು ನಿಂತು ಕೇಳುತ್ತಿದ್ದರು: “ಇದನ್ನೆಲ್ಲ ಹಿಟ್ಲರ್ ಒಬ್ಬನೇ ಮಾಡಿದನೇ ಸಾರ್? ಉಳಿದ ಜನ ಏನು ಮಾಡುತ್ತಿದ್ದರು?” ನಿವೃತ್ತನಾದ ಮೇಲೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬೆಳಗ್ಗೆ ಲಾಲ್‌ಬಾಗಿನಲ್ಲಿ ಎರಡು ಸುತ್ತು ನಡೆದು ಬಂಡೆಯ ಬಳಿ ಕೂರುವ ಗುಂಪು ನಮ್ಮದು. ಎಲ್ಲೋ ಒಂದು ಊರಿನ ಮೇಲೆ ಬಾಂಬು ಬಿದ್ದ ಸುದ್ದಿ ಪತ್ರಿಕೆಯಲ್ಲಿದ್ದರೆ ಅಲ್ಲಿ ಯಾರಾದರೂ ಹೇಳುತ್ತಾರೆ: “ಆ ಸರ್ಕಾರವನ್ನು ಆರಿಸಿಕೊಂಡವರು ಅವರೇ ತಾನೇ? ಅನುಭವಿಸಲಿ ಬಿಡಿ ಮೇಷ್ಟ್ರೇ, ಏನಂತೀರಿ?” ಮಕ್ಕಳಿಗೆ ಉತ್ತರ ಬೇಕಿರುತ್ತಿತ್ತು. ಇವರಿಗೆ ನಾನು ತಲೆಯಾಡಿಸಿದರೆ ಸಾಕು.

ಸರ್ಕಾರವೊಂದು ಯುದ್ಧದಲ್ಲಿ ನಡೆಸಿದ ಕ್ರೌರ್ಯಕ್ಕೆ ಆ ದೇಶದ ಜನರೆಲ್ಲ ಅಪರಾಧಿಗಳೇ? ಅಲ್ಲ ಎನ್ನುತ್ತೇನೆ. ಆದರೆ ‘ಅಲ್ಲ’ ಎಂದು ಹೇಳಿ ಪಂಚೆ ಕೊಡವಿ ಎದ್ದು ಹೋಗಲು ನನಗೆ ಆಗುವುದಿಲ್ಲ. ಅದಕ್ಕೆ ಕಾರಣ ನಮ್ಮ ಮನೆಯ ಬಾಲ್ಕನಿಯಲ್ಲಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಇಡೀ ಜನಕ್ಕೆ ತಪ್ಪು ಹೊರಿಸಿದರೆ ಏನಾಗುತ್ತದೆ ಎಂದು ತಿಳಿಯಲು ಜರ್ಮನಿಯವರೆಗೆ ಹೋಗಬೇಕಾಗಿಲ್ಲ, ಶಿಕಾರಿಪುರದ ದಾರಿ ಹಿಡಿದರೆ ಸಾಕು. 1942ರ ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ ಅಲ್ಲಿನ ಈಸೂರು ಎಂಬ ಹಳ್ಳಿ ತಾನು ಸ್ವತಂತ್ರ ಎಂದು ಸಾರಿಕೊಂಡಿತು. ಸೆಪ್ಟೆಂಬರ್ ಕೊನೆಯಲ್ಲಿ ಊರಿಗೆ ಬಂದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಘರ್ಷಣೆಯಲ್ಲಿ ಸತ್ತರು. ಆಮೇಲೆ ನುಗ್ಗಿದ ಪಡೆಗೆ ಹೊಡೆದವರು ಯಾರು, ಬಾಗಿಲು ಹಾಕಿಕೊಂಡು ಒಳಗೆ ಕುಳಿತವರು ಯಾರು ಎಂಬುದು ಬೇಕಿರಲಿಲ್ಲ. ಮನೆಗಳು ಲೂಟಿಯಾದವು, ಜನ ಕಾಡು ಸೇರಿದರು. ಮರುವರ್ಷ ಮಾರ್ಚಿನಲ್ಲಿ ಐವರನ್ನು ಗಲ್ಲಿಗೆ ಹಾಕಿದರು. ಅದೇ ಚಳವಳಿಯ ದಿನಗಳಲ್ಲಿ ಬ್ರಿಟಿಷ್ ಸರ್ಕಾರ ಎಷ್ಟೋ ಹಳ್ಳಿಗಳ ಮೇಲೆ ಸಾಮೂಹಿಕ ದಂಡ ಹೇರಿತು. ಹಿರಿಯರು ಅದಕ್ಕೆ ಪುಂಡುಗಂದಾಯ ಎನ್ನುತ್ತಿದ್ದರು. ಟೆಲಿಗ್ರಾಫ್ ತಂತಿ ಕತ್ತರಿಸಿದವನು ಯಾರೋ. ದಂಡ ಕಟ್ಟಲು ಮೂಗುತಿ ಬಿಚ್ಚಿಕೊಡಬೇಕಾದವಳು ಇನ್ನಾರೋ. ಹೀಗೆ ಊರಿಗೆ ಊರನ್ನೇ ಹೊಣೆ ಮಾಡುವುದು ಯುದ್ಧಕಾಲದಲ್ಲೂ ಸಲ್ಲದು ಎಂದು 1949ರ ನಾಲ್ಕನೆಯ ಜಿನೀವಾ ಒಪ್ಪಂದದ 33ನೆಯ ವಿಧಿ ಹೇಳಿತು: ತಾನು ಮಾಡದ ತಪ್ಪಿಗೆ ಯಾರನ್ನೂ ಶಿಕ್ಷಿಸುವಂತಿಲ್ಲ. ಬಂಡೆಯ ಬಳಿ ಕೂರುವ ನನ್ನ ಗೆಳೆಯರಿಗೆ ಈಸೂರಿನ ಹೆಸರು ಕೇಳಿದರೆ ಇಂದಿಗೂ ಎದೆಯುಬ್ಬುತ್ತದೆ. ಬೇರೆಯವರ ಊರಿನ ಮೇಲೆ ಬಾಂಬು ಬಿದ್ದಾಗ ಮಾತ್ರ ಅವರೇ ಪುಂಡುಗಂದಾಯದ ಗುಮಾಸ್ತರಾಗುತ್ತಾರೆ.

ಯುದ್ಧ ಮುಗಿದ ಮೇಲೆ ಹಿಟ್ಲರನ ನಾತ್ಸಿ ನಾಯಕರ ವಿಚಾರಣೆ ನಡೆದ ನ್ಯೂರೆಂಬರ್ಗ್‌ನಲ್ಲೂ ಕಟಕಟೆಯಲ್ಲಿ ನಿಂತದ್ದು ಜರ್ಮನಿಯಲ್ಲ. ಹೆಸರಿದ್ದ 22 ಮಂದಿಯ ಬಗ್ಗೆ 1946ರ ಅಕ್ಟೋಬರ್ 1ರಂದು ತೀರ್ಪು ಬಂತು. 12 ಜನರಿಗೆ ಮರಣದಂಡನೆ, ಮೂವರ ಖುಲಾಸೆ. ಆ ಮೂವರು ಬಿಡುಗಡೆಯಾದದ್ದನ್ನು ಹೇಳಿದಾಗಲೆಲ್ಲ ತರಗತಿಯಲ್ಲಿ ಗದ್ದಲವಾಗುತ್ತಿತ್ತು. ಖುಲಾಸೆ ಮಾಡಲು ಸಾಧ್ಯವಿದ್ದದ್ದರಿಂದಲೇ ಅದನ್ನು ವಿಚಾರಣೆ ಎನ್ನಬಹುದು ಎಂದು ನಾನು ವಾದಿಸುತ್ತಿದ್ದೆ. ಒಂದು ಜನಾಂಗವನ್ನೇ ಅಪರಾಧಿ ಎಂದು ಕರೆದ ಮೇಲೆ ಖುಲಾಸೆಗೆ ಜಾಗವೆಲ್ಲಿ? ಹುಟ್ಟೇ ಅಪರಾಧ ಎಂದ ನಾತ್ಸಿಗಳ ಲೆಕ್ಕವೂ ಅದೇ ಆಗಿತ್ತಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಒಳ್ಳೆಯ ಮೇಷ್ಟ್ರೆನಿಸಿಕೊಳ್ಳುತ್ತಿದ್ದೆ. “ಉಳಿದ ಜನ ಏನು ಮಾಡುತ್ತಿದ್ದರು?” ಎಂಬ ಎರಡನೆಯ ಪ್ರಶ್ನೆ ಹಾಗೇ ಉಳಿಯುತ್ತಿತ್ತು. ಅದಕ್ಕೆ ಇಡೀ ಜರ್ಮನಿಯ ಕಥೆ ಬಿಟ್ಟು ಅಲ್ಲಿನ ಹ್ಯಾಂಬರ್ಗ್ ಎಂಬ ಒಂದೇ ಊರಿನ ಕಥೆ ಹೇಳುತ್ತಿದ್ದೆ.

ಹ್ಯಾಂಬರ್ಗ್ ಬಂದರಿನ ಊರು. ಅಲ್ಲಿನ ಮೀಸಲು ಪೊಲೀಸ್ ಪಡೆಯ 101ನೆಯ ಬೆಟಾಲಿಯನ್ನಿನಲ್ಲಿ ಸುಮಾರು 500 ಜನರಿದ್ದರು. ಹೆಚ್ಚಿನವರು ನಡುವಯಸ್ಸಿನ, ಹೆಂಡತಿ ಮಕ್ಕಳಿದ್ದ ಕೂಲಿಕಾರರು, ಗುಮಾಸ್ತರು, ಮಾರಾಟಗಾರರು. 1942ರ ಜುಲೈ 13ರಂದು ಪೋಲೆಂಡಿನ ಯುಜೆಫುಫ್ ಎಂಬ ಊರಿನಲ್ಲಿ ಅವರಿಗೆ ಆಜ್ಞೆಯಾಯಿತು: ದುಡಿಯಬಲ್ಲ ಯಹೂದಿ ಗಂಡಸರನ್ನು ಬೇರೆ ಮಾಡಿ, ಹೆಂಗಸರು, ಮಕ್ಕಳು, ಮುದುಕರನ್ನು ಗುಂಡಿಟ್ಟು ಕೊಲ್ಲಬೇಕು. ಆಜ್ಞೆ ಓದಿದ ಮೇಜರ್ ಟ್ರಾಪ್‌ನ ಕಣ್ಣಲ್ಲಿ ನೀರಿತ್ತು. ತಮ್ಮಿಂದ ಆಗದು ಎನ್ನುವ ಹಿರಿಯರು ಪಕ್ಕಕ್ಕೆ ಬರಬಹುದು ಎಂದ. ಬಂದವರು ಹನ್ನೆರಡು ಜನರ ಆಸುಪಾಸು. ಸಂಜೆಯ ಹೊತ್ತಿಗೆ ಸುಮಾರು 1,500 ಜನ ಸತ್ತಿದ್ದರು. ಪಕ್ಕಕ್ಕೆ ಬಂದವರನ್ನು ಯಾರೂ ಗಲ್ಲಿಗೇರಿಸಲಿಲ್ಲ, ಜೈಲಿಗೂ ಹಾಕಲಿಲ್ಲ.

“ಹಾಗಾದರೆ ಉಳಿದವರೆಲ್ಲ ಅಪರಾಧಿಗಳೇ ಸಾರ್.” ಹೌದಪ್ಪ, ಅವರು ಅಪರಾಧಿಗಳೇ. ಅದರಲ್ಲಿ ಸಾಮೂಹಿಕವಾದದ್ದು ಏನೂ ಇಲ್ಲ. ಟ್ರಿಗರ್ ಎಳೆದದ್ದು ಒಂದೊಂದು ಬೆರಳು.

ಇನ್ನು ಹ್ಯಾಂಬರ್ಗಿನಲ್ಲೇ ಇದ್ದವರು. 1941ರಿಂದ ಅಲ್ಲಿನ ಯಹೂದಿಗಳನ್ನು ರೈಲಿಗೆ ತುಂಬಿ ಪೂರ್ವಕ್ಕೆ ಸಾಗಿಸಿದ ಮೇಲೆ ಅವರ ಮನೆಯ ಸಾಮಾನನ್ನು ಬಹಿರಂಗ ಹರಾಜಿಗೆ ಇಟ್ಟರು. ಹಾಲೆಂಡಿನ ಯಹೂದಿಗಳ ಮನೆಗಳಿಂದ ದೋಚಿದ ಸಾಮಾನೂ ಹಡಗುಗಳಲ್ಲಿ ಬಂದಿಳಿಯಿತು. ಕಪಾಟು, ಹಾಸಿಗೆ, ಹೊಲಿಗೆ ಯಂತ್ರ, ಮಕ್ಕಳ ತೊಟ್ಟಿಲು. ಹೀಗೆ ಕೊಂಡವರು ಊರು ಮತ್ತು ಸುತ್ತಮುತ್ತ ಸೇರಿ ಒಂದು ಲಕ್ಷ ದಾಟುತ್ತಾರೆ ಎಂಬುದು ಇತಿಹಾಸಕಾರರ ಲೆಕ್ಕ. ಅವರಲ್ಲಿ ಯಾರೂ ಬಂದೂಕು ಹಿಡಿದಿರಲಿಲ್ಲ. ಸಾಲಿನಲ್ಲಿ ನಿಂತು, ಹಣ ಕೊಟ್ಟು, ರಸೀದಿ ತೆಗೆದುಕೊಂಡು, ಸಾಮಾನನ್ನು ಗಾಡಿಯಲ್ಲಿ ಹೇರಿಕೊಂಡು ಮನೆಗೆ ಹೋದರು. ತೊಟ್ಟಿಲಿನ ಮಗು ಎಲ್ಲಿ ಎಂದು ಹರಾಜು ಕೂಗುವವನನ್ನು ಕೇಳುವುದು ಅಂದಿನ ದಿನಕ್ಕೆ ಅಪಾಯದ ಮಾತು, ಒಪ್ಪುತ್ತೇನೆ. ತೊಟ್ಟಿಲನ್ನು ಕೊಳ್ಳದೆ ಬರುವುದರಲ್ಲಿ ಯಾವ ಅಪಾಯವಿತ್ತು?

ಅದೇ ಊರಿನ ಮೇಲೆ 1943ರ ಜುಲೈ ಕೊನೆಯ ವಾರ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ಬಾಂಬು ಸುರಿದವು. 27ರ ರಾತ್ರಿ ಎದ್ದ ಬೆಂಕಿ ಬಿರುಗಾಳಿಯಾಗಿ ಕಾರ್ಮಿಕರ ಬಡಾವಣೆಗಳನ್ನು ನುಂಗಿತು. ಆ ವಾರ ಸತ್ತವರು 35,000ಕ್ಕೂ ಹೆಚ್ಚು. ಅವರಲ್ಲಿ ಹರಾಜಿನಲ್ಲಿ ಕಪಾಟು ಕೊಂಡವರಿದ್ದರು, ಹಿಟ್ಲರನ ವಿರುದ್ಧ ಮತ ಹಾಕಿದವರಿದ್ದರು, ಆ ತೊಟ್ಟಿಲಿನಲ್ಲೇ ಮಲಗಿದ್ದ ಕೂಸೂ ಇದ್ದಿರಬಹುದು. ‘ಅನುಭವಿಸಲಿ ಬಿಡಿ’ ಎನ್ನುವವರು ಆ ಕೂಸಿನ ಮುಂದೆ ನಿಂತು ಅದೇ ಮಾತು ಹೇಳಬೇಕು. ನನಗಂತೂ ಬಾಯಿ ಬರುವುದಿಲ್ಲ.

ಒಮ್ಮೆ ಒಬ್ಬ ಹುಡುಗಿ ಮಹಾಭಾರತ ಹಿಡಿದು ನನ್ನನ್ನು ಕಟ್ಟಿಹಾಕಿದಳು. ದ್ರೌಪದಿಯನ್ನು ಸಭೆಗೆ ಎಳೆತಂದಾಗ ವಿದುರ ಪಾಪದ ಪಾಲು ಹಂಚುತ್ತಾನಲ್ಲ: ಅರ್ಧ ಸಭೆಯ ಹಿರಿಯನಿಗೆ, ಕಾಲು ಮಾಡಿದವನಿಗೆ, ಉಳಿದ ಕಾಲು ನಿಂದಿಸದೆ ಸುಮ್ಮನೆ ಕುಳಿತ ಸಭಾಸದರಿಗೆ. “ಹಾಗಾದರೆ ಜನರಿಗೆ ಕಾಲು ಪಾಲು ಬಂತಲ್ಲ ಸಾರ್?” ಆ ದಿನ ಏನೋ ಹೇಳಿ ಜಾರಿಕೊಂಡೆ. ಇಂದು ಹೇಳುವುದಾದರೆ, ವಿದುರ ಸಭೆಯಲ್ಲಿ ಪೀಠವಿದ್ದವರ ಮಾತಾಡುತ್ತಿದ್ದ. ಹಸ್ತಿನಾವತಿಯ ಬೀದಿಯಲ್ಲಿ ಮಜ್ಜಿಗೆ ಮಾರುತ್ತಿದ್ದವಳಿಗೆ ಆ ಕಾಲು ಪಾಲಿನಲ್ಲಿ ಭಾಗವಿಲ್ಲ. ಸರ್ವಾಧಿಕಾರದಲ್ಲಿ ಬಹುಪಾಲು ಜನ ಬೀದಿಯವರು, ಬಾಯಿಬಿಟ್ಟರೆ ತಲೆ ಹೋಗುತ್ತದೆ. ಐದು ವರ್ಷಕ್ಕೊಮ್ಮೆ ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವ ನಮಗೆ ಮಾತ್ರ ಬೀದಿಯವರು ಎನ್ನಿಸಿಕೊಳ್ಳುವ ಅನುಕೂಲವಿಲ್ಲ. ನಮಗೆ ಸಭೆಯಲ್ಲಿ ಒಂದು ಮಣೆಯಾದರೂ ಇದೆ.

ಸಭೆಯಲ್ಲಿದ್ದವರು ಮಾಡಿದ್ದಕ್ಕೆ ಒಂದು ಉದಾಹರಣೆ. 1919ರ ಏಪ್ರಿಲ್ 13, ಜಲಿಯನ್‌ವಾಲಾ ಬಾಗ್. 50 ಸಿಪಾಯಿಗಳು, 1,650 ಸುತ್ತು ಗುಂಡು. ಲಂಡನ್ನಿನ ಸಾಮಾನ್ಯ ಮನುಷ್ಯನಿಗೆ ಅಂದು ಅದರ ಸುದ್ದಿಯೂ ಇರಲಿಲ್ಲ, ಅವನನ್ನು ಬಿಟ್ಟುಬಿಡೋಣ. ಮರುವರ್ಷ ಎಲ್ಲ ಗೊತ್ತಾದ ಮೇಲೆ, ಡಯರನನ್ನು ಹುದ್ದೆಯಿಂದ ಇಳಿಸಿದ ಮೇಲೆ, ‘ಮಾರ್ನಿಂಗ್ ಪೋಸ್ಟ್’ ಪತ್ರಿಕೆ ಅವನಿಗಾಗಿ ನಿಧಿ ತೆರೆಯಿತು. ಓದುಗರು 26,000 ಪೌಂಡಿಗೂ ಹೆಚ್ಚು ಹಣ ಕಳಿಸಿದರು. ಗುಂಡು ಹಾರಿದ ದಿನ ನಿರಪರಾಧಿಗಳಾಗಿದ್ದವರು ಅಂಚೆ ಕಚೇರಿಗೆ ಹೋಗಿ ಪಾಲು ಖರೀದಿಸಿಕೊಂಡು ಬಂದರು. ಇದನ್ನು ಪಾಠ ಮಾಡುವಾಗ ನನ್ನ ದನಿ ಏರುತ್ತಿತ್ತು. ಅದೇ ದನಿಯಲ್ಲಿ ಇನ್ನೊಂದನ್ನೂ ಹೇಳಬೇಕಿತ್ತು: ಆ 50 ಸಿಪಾಯಿಗಳು ಬ್ರಿಟಿಷರಲ್ಲ, ಬ್ರಿಟಿಷ್ ಭಾರತದ ಸೇನೆಯ ಗೂರ್ಖಾ ಮತ್ತಿತರ ದಳಗಳವರು. ಅದನ್ನು ಮೆಲ್ಲಗೆ ಹೇಳಿ ಮುಂದೆ ಹೋಗುತ್ತಿದ್ದೆ.

ತಪ್ಪು ಬೇರೆ, ಹೊಣೆ ಬೇರೆ ಎಂದು ವಿವರಿಸಲು ವಿಲ್ಲಿ ಬ್ರಾಂಟ್‌ನ ಚಿತ್ರ ತೋರಿಸುತ್ತಿದ್ದೆ. 1933ರಲ್ಲೇ ನಾತ್ಸಿಗಳಿಂದ ತಪ್ಪಿಸಿಕೊಂಡು ನಾರ್ವೆಗೆ ಓಡಿದವನು ಆತ. 1970ರ ಡಿಸೆಂಬರ್ 7ರಂದು ಪಶ್ಚಿಮ ಜರ್ಮನಿಯ ಚಾನ್ಸಲರನಾಗಿ ವಾರ್ಸಾದ ಯಹೂದಿ ಸ್ಮಾರಕದ ಮುಂದೆ ಮಂಡಿಯೂರಿದ. ಆ ಕೊಲೆಗಳಲ್ಲಿ ಅವನದೊಂದು ಬೆರಳೂ ಇರಲಿಲ್ಲ. ಆಮೇಲೆ ನಡೆದ ಸಮೀಕ್ಷೆಯಲ್ಲಿ ಪಶ್ಚಿಮ ಜರ್ಮನಿಯ 48 ಶೇಕಡಾ ಜನ ಇದು ಅತಿಯಾಯಿತು ಎಂದರು.

ಈಗ ಬಾಲ್ಕನಿಗೆ.

ನಮ್ಮ ತಂದೆ ಬೀದರ್ ಜಿಲ್ಲೆಯವರು. ಹೈದರಾಬಾದಿನ ನಿಜಾಮನ ಕೊನೆಯ ದಿನಗಳಲ್ಲಿ ಅವನ ಪರ ಆಯುಧ ಹಿಡಿದ ರಜಾಕಾರರು ಮಾಡಿದ್ದನ್ನು ಕಣ್ಣಾರೆ ಕಂಡವರು. 1948ರ ಮೇ ತಿಂಗಳಲ್ಲಿ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡದ ಸುದ್ದಿ ಕೇಳಿ ಮನೆಮಂದಿಯೆಲ್ಲ ರಾತ್ರೋರಾತ್ರಿ ಗಡಿ ದಾಟಿ ಸೋಲಾಪುರ ಸೇರಿದ್ದರು. ಅದನ್ನು ಅವರು ಸಾಯುವವರೆಗೂ ಹೇಳುತ್ತಿದ್ದರು, ನಾವೂ ಕೇಳುತ್ತಿದ್ದೆವು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನಕ್ಕೆ ನುಗ್ಗಿ, 17ಕ್ಕೆ ನಿಜಾಮ ಶರಣಾದದ್ದನ್ನು ಹೇಳುವಾಗ ಕಣ್ಣೊರೆಸಿಕೊಳ್ಳುತ್ತಿದ್ದರು. ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಆಮೇಲಿನದನ್ನು ನಾನು ಓದಿ ತಿಳಿಯಬೇಕಾಯಿತು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಆ ವರ್ಷದ ಕೊನೆಯಲ್ಲಿ ಸಂಸ್ಥಾನ ಸುತ್ತಿ ಬರೆದ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಪೊಲೀಸ್ ಕಾರ್ಯಾಚರಣೆ ಎಂದು ಕರೆದ ಆ ಸೇನಾ ಕ್ರಮದ ಸಮಯದಲ್ಲಿ ಮತ್ತು ಅದರ ಬೆನ್ನಿಗೆ ಕೊಲೆಯಾದವರು 27,000ದಿಂದ 40,000, ಹೆಚ್ಚಿನವರು ಮುಸ್ಲಿಮರು ಎಂದು ಅದರ ಅಂದಾಜು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವು, ಕಲಬುರಗಿ ಮತ್ತು ಬೀದರ್. ಕೊಂದು ದೋಚಿದವರಲ್ಲಿ ಊರಿನವರಿದ್ದರು. ಕೆಲವೆಡೆ ಸೈನಿಕರೂ ಕೈಜೋಡಿಸಿದರು, ಎಷ್ಟೋ ಕಡೆ ಸೈನಿಕರೇ ಜನರನ್ನು ಕಾಪಾಡಿದರು ಎಂದೂ ಬರೆದಿದೆ. ಇದರ ಸಂಗತಿಗಳು ಪುಸ್ತಕಗಳಲ್ಲಿ ಬಂದ ಮೇಲೂ ನಾನು ತರಗತಿಯಲ್ಲಿ ‘ಐದು ದಿನಗಳಲ್ಲಿ ಕಾರ್ಯಾಚರಣೆ ಯಶಸ್ವಿಯಾಗಿ ಮುಗಿಯಿತು’ ಎಂದೇ ಬರೆಸಿದೆ. ಪಠ್ಯದಲ್ಲಿ ಇರಲಿಲ್ಲ ಎಂಬುದು ನೆಪ. ಈಸೂರಿನ ಎಷ್ಟೋ ವಿವರಗಳೂ ಪಠ್ಯದಲ್ಲಿ ಇರಲಿಲ್ಲ, ಅವನ್ನು ಉತ್ಸಾಹದಿಂದ ಹೇಳುತ್ತಿದ್ದೆನಲ್ಲ.

ನಮ್ಮ ಮನೆಯಲ್ಲಿ ಒಂದು ತಾಮ್ರದ ಹಂಡೆ ಇದೆ. ಊರಿನ ಬಚ್ಚಲುಮನೆಯಲ್ಲಿ ನೀರು ಕಾಯಿಸುತ್ತಿದ್ದದ್ದು, ತಂದೆಯ ಜೊತೆ ಬೆಂಗಳೂರಿಗೆ ಬಂತು. ಗ್ಯಾಸ್ ಗೀಸರ್ ಬಂದ ಮೇಲೆ ಬಾಲ್ಕನಿಗೆ ಹೋಗಿ ದಾಸವಾಳದ ಗಿಡ ಹೊತ್ತು ಕೂತಿತು. ಎಲ್ಲಿಯದು ಎಂದು ಕೇಳಿದರೆ ತಂದೆ “ಸೋಲಾಪುರದಿಂದ ವಾಪಸು ಬಂದ ವರ್ಷ ಸಂತೆಯಲ್ಲಿ ಕೊಂಡದ್ದು” ಎನ್ನುತ್ತಿದ್ದರು. ತುಂಬಾ ಅಗ್ಗಕ್ಕೆ ಸಿಕ್ಕಿತಂತೆ. ಎರಡು ವರ್ಷದ ಹಿಂದೆ ಸೊಸೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿಸಿ, ಹಾಲಿನಲ್ಲಿ ಇಡೋಣ ಎಂದಳು. ಒಳಗೆ ಅಲ್ಲಲ್ಲಿ ಬೆಳ್ಳಗೆ ಹಳೆಯ ಕಲಾಯಿ ಉಳಿದಿತ್ತು. ಸ್ನಾನದ ನೀರಿನ ಹಂಡೆಗೆ ಯಾರಾದರೂ ಕಲಾಯಿ ಹಾಕಿಸುತ್ತಾರೆಯೇ? ಎಪ್ಪತ್ತು ವರ್ಷ ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ.

ಆಟೋದಲ್ಲಿ ಹಾಕಿಕೊಂಡು ಶಿವಾಜಿನಗರಕ್ಕೆ ಹೋದೆ. ಕಲಾಯಿ ಹಾಕುವ ಮುದುಕ ಅದನ್ನು ಒಮ್ಮೆ ತಿರುಗಿಸಿ ನೋಡಿದ.

“ಇದು ಹಂಡೆಯಲ್ಲ ಸಾಹೇಬರೇ, ದೇಗ್. ಮದುವೆ ಮನೆಯಲ್ಲಿ ಬಿರಿಯಾನಿ ಮಾಡುತ್ತಾರಲ್ಲ, ಅದು.”

ಕಂಠದ ಹತ್ತಿರ ಅಂಗೈ ಅಗಲದ ಜಾಗವನ್ನು ಯಾರೋ ಅರದಿಂದ ಉಜ್ಜಿದ್ದರು. ಅದು ಯಾವುದೋ ಪೆಟ್ಟಿನ ಗುರುತು ಎಂದುಕೊಂಡಿದ್ದೆ. ಮುದುಕ ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಒರೆಸಿ ಒರೆಸಿ ನೋಡಿದ. ಉರ್ದುವಿನಲ್ಲಿ ಒಂದು ಹೆಸರು ಕೆತ್ತಿತ್ತಂತೆ. ಮೊದಲಿನ ಅಕ್ಷರಗಳು ಹೋಗಿವೆ, ಕೊನೆಯಲ್ಲಿ ‘ಬೀ’ ಎಂಬುದು ಮಾತ್ರ ಉಳಿದಿದೆ ಎಂದ. ಯಾರೋ ಹೆಂಗಸಿನ ಹೆಸರು.

“ನಿಮಗೆ ಇದು ಎಲ್ಲಿ ಸಿಕ್ಕಿತು?” ಎಂದು ಕೇಳಿದ.

ಸಂತೆಯಲ್ಲಿ ಎಂದೆ.